ಆಣೆ ಮಾಡಿಸದ ಅಜ್ಜನವರು

ಕೆಂಚನಹಾಳ ಮಠದ ಪೂಜ್ಯ ಶ್ರೀ ಗುರುಶಾಂತ ಅಜ್ಜನವರಿಗೆ ಗದ್ದುಗೆಗಿಂತ ದಾಸೋಹದ ಅಡುಗೆಮನೆಯೇ ಹೆಚ್ಚು ಪ್ರಿಯ. ಅಂದು ಬೆಳಿಗ್ಗೆಯೂ ಅವರು ಅಲ್ಲಿಯೇ ನೆಲದ ಮೇಲೆ ಕುಳಿತು, ಮೊರದಲ್ಲಿ ತೊಗರಿಬೇಳೆ ಹರವಿ ಹರಳು ಆರಿಸುತ್ತಿದ್ದರು.

ಶಾಲಾ ಶಿಕ್ಷಕಿ ದಾನಮ್ಮ ತನ್ನ ತಮ್ಮನ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. ಹಾರ್ಮೋನಿಯಂ ರಿಪೇರಿಯಲ್ಲಿ ಸುತ್ತಲಿನ ಊರುಗಳಿಗೆಲ್ಲ ಹೆಸರಾಗಿದ್ದ ಸೋಮಲಿಂಗನ ಕೈ ಈಗ ಚಹಾದ ಕಪ್ಪು ಹಿಡಿದರೂ ನಡುಗುತ್ತಿತ್ತು.

“ಅಜ್ಜಾರ, ಇವನ ಕೈಲೆ ಗದ್ದಿಗಿ ಮುಟ್ಟಿಸಿ ಆಣಿ ಮಾಡಸ್ರಿ. ನನ್ನ ಮುಂದ ಮೂರು ಸರ್ತಿ ಕುಡಿಯಾಂಗಿಲ್ಲ ಅಂದು, ಮೂರೂ ಸರ್ತಿ ಮುರದಾನ. ಬರೇ ಸುಳ್ಳ!”

ಪೂಜ್ಯರು ಆ ನಡುಗುವ ಕೈಗಳನ್ನು ನೋಡಿದರು.

“ಸುಳ್ಳಲ್ಲವ್ವಾ. ಮೂರು ಸರ್ತೀನೂ ಖರೇನ ಅಂದಾನ. ಬ್ಯಾಡ ಅಂತ ತಡಿಯೂ ಮೆದುಳನ್ನ ಕುಡಿತ ಕೆಡಿಸೈತಿ. ಆಣಿ ಯಾರು ಕಾಯಬೇಕು?”

ದಾನಮ್ಮನಿಗೆ ಸಿಟ್ಟೇ ಬಂತು. ಕುಡುಕನಿಗೆ ಅಜ್ಜನವರೂ ಸಲಿಗೆ ಕೊಡುವುದೇ?

“ಹಂಗಾದ್ರ ಹೋದ ವರ್ಷದಂಗ ಖೋಲಿಯೊಳಗ ಕೂಡಿ ಹಾಕತೀನ್ರಿ.”

“ಹಂಗ ಒಮ್ಮಿಗಲೇ ಬಿಡಿಸಿದ್ರ ಜೀವಕ್ಕ ಕುತ್ತು. ದವಾಖಾನಿಗೆ ನಡೀರಿ, ನಾನೂ ಬರತೀನಿ,” ಎಂದು ಪೂಜ್ಯರು ಮೊರ ಬದಿಗಿಟ್ಟು ಎದ್ದೇಬಿಟ್ಟರು.

ಜಿಲ್ಲಾ ಆಸ್ಪತ್ರೆಯಲ್ಲಿ ಮೂರನೆಯ ದಿನ ಸೋಮಲಿಂಗ ಚೀರತೊಡಗಿದ. ಹಾಸಿಗೆಯ ತುಂಬ ಇರುವೆ ಹರಿದಾಡುತ್ತಿವೆಯೆಂದು ಹೊದಿಕೆ ಕೊಡವಿದ. “ಎಲ್ಲ್ಯದಾವೋ ಇರುವಿ?” ಎಂದು ದಾನಮ್ಮ ಗದರಿದಳು. ಪೂಜ್ಯರು ಗದರಲಿಲ್ಲ, ವಾದಕ್ಕೂ ಇಳಿಯಲಿಲ್ಲ. ಬೆವೆತ ಅವನ ಹಣೆ ಒರೆಸುತ್ತ, “ನಾ ಇಲ್ಲೇ ಅದೀನಿ, ಮಗಾ,” ಎನ್ನುತ್ತ ಕುಳಿತರು.

ಚುಚ್ಚುಮದ್ದು ಕೊಟ್ಟ ವೈದ್ಯರು ದಾನಮ್ಮನಿಗೆ ಬಿಡಿಸಿ ಹೇಳಿದರು: “ವರ್ಷಗಟ್ಟಲೆ ಕುಡಿತಕ್ಕೆ ಒಗ್ಗಿದ ಮೆದುಳು, ಅದು ಸಿಗದಿದ್ದಾಗ ಹೀಗೆ ಕೆರಳುತ್ತದೆ. ಕೆಲವರಿಗೆ ಫಿಟ್ಸ್ ಬರುತ್ತದೆ, ಪ್ರಾಣವೂ ಹೋಗಬಹುದು. ಈ ಹಂತ ದಾಟಿದರೂ ಮೆದುಳು ಸುಧಾರಿಸಲು ತಿಂಗಳುಗಳೇ ಬೇಕು.”

ದಾನಮ್ಮನಿಗೆ ಆ ಖೋಲಿ ನೆನಪಾಯಿತು. ಹೋದ ವರ್ಷ ಮುಚ್ಚಿದ ಬಾಗಿಲಾಚೆ ಸೋಮಲಿಂಗ ಕೈಕಾಲು ಸೆಟೆದುಕೊಂಡು ಬಿದ್ದಾಗ, ಕಿಟಕಿಯಿಂದ ನೋಡಿ “ನಾಟಕ ಸಾಕು” ಎಂದಿದ್ದವಳು ಅವಳೇ.

“ಅಜ್ಜಾರ, ನಾನ ಅವನ್ನ ಕೊಲ್ಲತಿದ್ನೆಲ್ರೀ...”

“ನಿನಗ ಗೊತ್ತಿರಲಿಲ್ಲವ್ವಾ. ಈಗ ಗೊತ್ತಾತು,” ಎಂದರು ಪೂಜ್ಯರು.

ಸೋಮಲಿಂಗ ಔಷಧಿಯೊಂದಿಗೆ ಮನೆಗೆ ಬಂದ, ಕೆಲಸಕ್ಕೂ ಕುಳಿತ. ಐದನೆಯ ತಿಂಗಳು ಒಂದು ಮಧ್ಯಾಹ್ನ ಹೊಸ್ತಿಲ ಹೊರಗೇ ತಲೆ ತಗ್ಗಿಸಿ ನಿಂತ. ಮೈಯಿಂದ ಸಾರಾಯಿ ವಾಸನೆ.

“ಅಕ್ಕಾ, ಮತ್ತ ಕುಡದೆ.”

ಹಳೆಯ ದಾನಮ್ಮನಾಗಿದ್ದರೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಂದು ಅವಳು ತಮ್ಮನ ಕೈ ಹಿಡಿದು ಒಳಗೆ ಕರೆದು, ತಾಟು ಹಾಕಿ, ಬಿಸಿ ರೊಟ್ಟಿ ಬಡಿಸಿದಳು.

“ಮೊದಲು ಉಣ್ಣು. ಆಮ್ಯಾಲ ಇಬ್ರೂ ಡಾಕ್ಟರ ಹಂತ್ಯಾಕ ಹೋಗೂಣು.”