ಗೊರಸಿಗೆ ಮೆತ್ತಿದ ಮೇಣ

“ಗುರುಗಳೇ, ಇರುವ ರೋಗವನ್ನು ಇಲ್ಲವೆಂದು ಬರೆದರೆ ಅಷ್ಟು ದೊಡ್ಡ ತಪ್ಪೇ?” ಎಂದು ಚನ್ನವೀರ ಕೇಳಿದ.

ಅವನ ಕೈಯಲ್ಲಿ ಆರೋಗ್ಯ ವಿಮೆಯ ಅರ್ಜಿಯಿತ್ತು. ಐದು ವರ್ಷದಿಂದ ಅವನಿಗೆ ಸಕ್ಕರೆ ಕಾಯಿಲೆ. ಅದನ್ನು ಬರೆದರೆ ಕಂತು ಹೆಚ್ಚುತ್ತದೆ, ಆ ಕಾಯಿಲೆಯ ಖರ್ಚು ಸಿಗಲು ಮೂರು ವರ್ಷ ಕಾಯಬೇಕು, ಸುಮ್ಮನೆ ಇಲ್ಲ ಎಂದು ಬರೆದುಬಿಡು ಎಂದು ಯಾರೋ ಕಿವಿ ಊದಿದ್ದರು. ತಾನು ಆಸ್ಪತ್ರೆ ಸೇರಿದರೆ ಹೆಂಡತಿ ಮಕ್ಕಳ ಗತಿಯೇನು ಎಂಬ ಹೆದರಿಕೆ ಮಾತ್ರ ನಿಜವಾದದ್ದೇ. ಗುರುಗಳು ಅರ್ಜಿಯ ಕಡೆ ನೋಡಲೇ ಇಲ್ಲ. ಕತೆ ಶುರುಮಾಡಿದರು.

ಹಿಂದೆ ಎತ್ತಿನ ಬೆನ್ನ ಮೇಲೆ ಉಪ್ಪು ಹೇರಿಕೊಂಡು ಘಟ್ಟ ಹತ್ತುವ ವ್ಯಾಪಾರಿಗಳ ಕೂಟವೊಂದಿತ್ತು. ದಾರಿಯಲ್ಲಿ ಯಾರ ಎತ್ತು ಸೋತರೂ ಅದರ ಹೇರನ್ನು ಉಳಿದವರು ಹಂಚಿಕೊಂಡು ಸಾಗಿಸಬೇಕು. ಅದು ಅವರ ಕಟ್ಟುಪಾಡು. ಅದಕ್ಕಾಗಿ ಪ್ರತಿಯೊಬ್ಬನೂ ಪಯಣಕ್ಕೊಂದು ಸೇರು ಹುರುಳಿಯನ್ನು ಕೂಟಕ್ಕೆ ಕೊಡುತ್ತಿದ್ದ. ಹೊಸಬ ಸೇರುವಾಗ ಯಜಮಾನ ಒಂದೇ ಪ್ರಶ್ನೆ ಕೇಳುತ್ತಿದ್ದ: ಎತ್ತಿಗೆ ಹಳೆಯ ನೋವು, ಕಾಯಿಲೆ ಏನಾದರೂ ಇದೆಯೇ? ಇದ್ದರೆ ಎರಡು ಸೇರು. ಅದಕ್ಕೆ ಮೊದಲ ಮೂರು ಪಯಣ ಅವನೇ ಹೊಣೆ, ನಾಲ್ಕನೆಯದರಿಂದ ಕೂಟ ಹೊಣೆ. ಬೇರೆ ಆಪತ್ತು ಬಂದರೆ ಮೊದಲ ದಿನದಿಂದಲೇ ಹೊಣೆ ಕೂಟದ್ದು.

ಒಂದು ವರ್ಷ ಇಬ್ಬರು ಹೊಸಬರು ಬಂದರು. ಮೊದಲನೆಯವನು ತನ್ನ ಎತ್ತಿಗೆ ಹಳೆಯ ಕೆಮ್ಮಿದೆ ಎಂದು ಒಪ್ಪಿಕೊಂಡು, ಗೊಣಗುತ್ತಲೇ ಎರಡು ಸೇರು ಅಳೆದ. ಎರಡನೆಯವನ ಎತ್ತಿನ ಗೊರಸು ಸೀಳಿತ್ತು. ಅವನು ಸೀಳಿಗೆ ಮೇಣ ತುಂಬಿ ಮಸಿ ಬಳಿದ. ಯಾರ ಕಣ್ಣೂ ಕಾಲಿನತ್ತ ಇಳಿಯದಿರಲೆಂದು ಕೊಂಬಿಗೆ ಬಣ್ಣ ಹಚ್ಚಿ ಕೊರಳಿಗೆ ಗೆಜ್ಜೆಸರ ಕಟ್ಟಿದ. ಯಜಮಾನ ಕೇಳಿದಾಗ, ನನ್ನ ಎತ್ತು ಮದುವಣಿಗನ ಹಾಗಿದೆ ಎಂದ. ಒಂದು ಸೇರು ಉಳಿಸಿದ ಹೆಮ್ಮೆಯಲ್ಲಿ ದಾರಿಯುದ್ದಕ್ಕೂ ಮೊದಲನೆಯವನನ್ನು ರೇಗಿಸಿದ್ದೇ ರೇಗಿಸಿದ್ದು.

ಮೂರು ಪಯಣ ಸುಸೂತ್ರವಾಗಿ ಮುಗಿದವು. ಎರಡನೆಯವನು ಪ್ರತಿ ಸಲವೂ ಗುಟ್ಟಾಗಿ ಹೊಸ ಮೇಣ ಮೆತ್ತುತ್ತಿದ್ದ. ನಾಲ್ಕನೆಯದು ಸುಡುಬೇಸಗೆಯಲ್ಲಿ ಬಂತು. ಘಟ್ಟದ ನಡುವೆ ಮೊದಲನೆಯವನ ಎತ್ತು ಕೆಮ್ಮಿ ಕೆಮ್ಮಿ ನಿಂತುಬಿಟ್ಟಿತು. ಉಳಿದವರು ಅದರ ಹೇರನ್ನು ಹಂಚಿಕೊಂಡರು. ಮುಂದಿನ ತಿರುವಿನಲ್ಲಿ ಕಾದ ಬಂಡೆಯ ಮೇಲೆ ಮೇಣ ಕರಗಿ ಹರಿಯಿತು, ಮದುವಣಿಗ ಕುಂಟತೊಡಗಿದ. ಯಜಮಾನ ಬಗ್ಗಿ ಗೊರಸು ಮುಟ್ಟಿದ. ಬೆರಳಿಗೆ ಮಸಿ ಅಂಟಿತು.

“ಅವತ್ತೇ ಹೇಳಿದ್ದರೆ ಇವತ್ತು ಈ ಗೊರಸು ನಮ್ಮೆಲ್ಲರದೂ ಆಗಿರುತ್ತಿತ್ತಲ್ಲಪ್ಪ,” ಎಂದ. ಅವನಿಗೂ ಬೇಸರವಾಗಿತ್ತು.

ಎರಡನೆಯವನು ತನ್ನ ಹೇರಿನ ಒಂದು ಮೂಟೆಯನ್ನು ತಾನೇ ಹೊತ್ತು ಘಟ್ಟ ಹತ್ತಿದ, ಇಳಿದು ಬಂದು ಇನ್ನೊಂದನ್ನು ಹೊತ್ತು ಮತ್ತೆ ಹತ್ತಿದ. ಬಣ್ಣದ ಕೊಂಬಿನ ಎತ್ತು ಬರಿಬೆನ್ನಿನಲ್ಲಿ, ಗೆಜ್ಜೆ ಆಡಿಸುತ್ತ, ನಿಧಾನವಾಗಿ ಅವನ ಹಿಂದೆ ಬಂತು.

ಚನ್ನವೀರನಿಗೆ ನಗು ತಡೆಯಲಾಗಲಿಲ್ಲ. “ಪಾಪ, ಆ ಎತ್ತಾದರೂ ಬಾಯಿಬಿಟ್ಟು ಹೇಳಬಾರದಿತ್ತೇ?” ಎಂದ.

ಗುರುಗಳು ತಮ್ಮ ಪೆನ್ನನ್ನು ತೆಗೆದು ಅವನ ಮುಂದೆ ಇಟ್ಟರು.

“ಎತ್ತಿಗೆ ಮಾತು ಬರುತ್ತಿರಲಿಲ್ಲ, ನಿನಗೆ ಬರುತ್ತದಲ್ಲ.”