ಆಕಾಶದ ಕಂಬಳಿಗೆ ದಶಿ ಬಿಟ್ಟ ಕೆಂಚವ್ವ

ಲೋಕ ಆಗಷ್ಟೇ ಹುಟ್ಟಿತ್ತು. ಬೆಟ್ಟಗಳ ಹಸಿ ಇನ್ನೂ ಆರಿರಲಿಲ್ಲ. ಸೂರ್ಯ ಆಗಿನ್ನೂ ಹುಡುಗ, ಮೂಗಿನ ತುದಿಯಲ್ಲೇ ಕೋಪ. ಮುನಿಸು ಬಂತೆಂದರೆ ಕೈತುಂಬ ಕೆಂಡದ ಹುಡಿ ಎತ್ತಿ ಭೂಮಿಯ ಮೇಲೆ ಎರಚಿಬಿಡುತ್ತಿದ್ದ. ಕುರಿಗಳ ಬೆನ್ನು ಚುರುಗುಟ್ಟುತ್ತಿತ್ತು, ಹೊಳೆ ಬಿಸಿಯಾಗಿ ಗೊಣಗುತ್ತಿತ್ತು.

ಕುರಿಗಳೆಲ್ಲ ಸೇರಿ ಕಂಬಳಿ ನೇಯುವ ಕೆಂಚವ್ವನ ಬಳಿಗೆ ಹೋದವು. ನಮ್ಮ ಉಣ್ಣೆಯನ್ನೆಲ್ಲ ತೆಗೆದುಕೋ, ಭೂಮಿಗೊಂದು ಹೊದಿಕೆ ಮಾಡಿಕೊಡು ಎಂದು ಬೇಡಿಕೊಂಡವು. ಕೆಂಚವ್ವ ನೂತಳು, ನೇಯ್ದಳು, ಹುಣಸೆಬೀಜದ ಗಂಜಿ ಹಚ್ಚಿ ಒಣಗಿಸಿದಳು. ಎಲ್ಲ ಕಂಬಳಿಗೂ ಬಿಡುವಂತೆ ಇದಕ್ಕೂ ಎರಡು ತುದಿಯಲ್ಲಿ ದಶಿ ಬಿಟ್ಟಳು, ಅಂದರೆ ಎಳೆಗಳನ್ನು ಹೊಲಿಯದೆ ಹಾಗೇ ಜೋತುಬಿಟ್ಟಳು. ಅವಳ ಅವ್ವ ಕಲಿಸಿದ್ದೇ ಹಾಗೆ. ಯಾಕೆಂದು ಅವ್ವನೂ ಹೇಳಿರಲಿಲ್ಲ, ಇವಳೂ ಕೇಳಿರಲಿಲ್ಲ. ಗಾಳಿ ಆ ಕಂಬಳಿಯನ್ನು ಮೋಡಗಳಿಗಿಂತ ಎತ್ತರಕ್ಕೆ ಒಯ್ದು, ಒಂದು ದಶಿ ಉತ್ತರಕ್ಕೆ, ಒಂದು ದಶಿ ದಕ್ಷಿಣಕ್ಕೆ ಬರುವಂತೆ ಹಾಸಿತು.

ಕುರಿಗಳ ಬೆನ್ನಿನ ಉರಿ ತಪ್ಪಿತು. ಇನ್ನೊಂದು ಅನುಕೂಲವೂ ಆಯಿತು ನೋಡು. ಕೂಗು ಹಾಕಿದರೆ ದನಿ ಮೇಲೆ ಹೋಗಿ, ಕಂಬಳಿಗೆ ತಾಗಿ, ದೂರದ ಸೀಮೆಯಲ್ಲಿ ಇಳಿಯುತ್ತಿತ್ತು. ಕೆಂಚವ್ವನ ಮಗಳು ದುರುಗವ್ವನನ್ನು ಬೆಟ್ಟಸಾಲಿನ ಆಚೆ ಕೊಟ್ಟಿದ್ದರು. ದಿನಾ ಸಂಜೆ ತಾಯಿ ಮಗಳು ಕಂಬಳಿಗೆ ಕೂಗಿ ಕೂಗಿ ಹರಟುತ್ತಿದ್ದರು. ಉಂಡೆಯಾ, ಏನು ಪಲ್ಯ, ಅತ್ತೆ ಬೈದಳಾ, ಎಲ್ಲಾ ಮಾತೂ.

ದುರುಗವ್ವನಿಗೆ ದಿನ ತುಂಬಿತು. ಒಂದು ಬೆಳಗ್ಗೆ, ನೋವು ಶುರುವಾಗಿದೆ ಎಂದು ಕೂಗಿ ಹೇಳಿದಳು. ಅದೇ ಹೊತ್ತಿಗೆ ಸೂರ್ಯನಿಗೆ ಎಲ್ಲಿಲ್ಲದ ಸಿಟ್ಟು ಬರಬೇಕೇ! ಹಿಡಿ ಹಿಡಿ ಹುಡಿ ಎರಚಿದ. ಕಂಬಳಿ ಒದ್ದಾಡಿತು, ಚಟಚಟ ಗೊರಗೊರ ಸದ್ದು ಮಾಡಿತು. ಕೆಂಚವ್ವ ಎಷ್ಟು ಕೂಗಿದರೂ ಉತ್ತರವಿಲ್ಲ, ಬರೀ ಗೊರಗೊರ. ಮಗಳು ಬದುಕಿದ್ದಾಳೋ ಇಲ್ಲವೋ ಎಂದು ಅಂಗಳಕ್ಕೆ ಓಡಿದಳು.

ತಲೆಯೆತ್ತಿ ನೋಡಿದರೆ ದಶಿಗಳು ಹಸಿರಾಗಿ ಕೆಂಪಾಗಿ ಉರಿಯುತ್ತಿವೆ. ಹುಡಿ ನುಗ್ಗುತ್ತಿರುವುದೇ ಅಲ್ಲಿಂದ, ನನ್ನ ಕೆಲಸವೇ ಅರ್ಧಂಬರ್ಧ ಎಂದುಕೊಂಡು ಸೂಜಿ ಹಿಡಿದಳು. ಗಾಳಿಯ ಹೆಗಲೇರಿ ಹೋಗಿ ಎರಡು ತುದಿಯನ್ನೂ ಬಿಗಿಯಾಗಿ ಹೊಲಿದುಬಿಟ್ಟಳು.

ಸದ್ದು ನಿಲ್ಲಲಿಲ್ಲ, ಇಮ್ಮಡಿಯಾಯಿತು. ಕಿಡಿಗಳು ಕಂಬಳಿಯಿಂದ ಮೋಡಕ್ಕೆ ಹಾರಿದವು.

“ಹುಡಿ ಬಂದದ್ದು ದಶಿಯಿಂದಲ್ಲ ಕಣೇ,” ಎಂದಿತು ಗಾಳಿ. “ಅದು ಜಾರಿ ಹೋಗುತ್ತಿದ್ದದ್ದು ಅಲ್ಲಿಂದ. ಬಾಗಿಲು ಮುಚ್ಚಿಕೊಂಡು ಕಸ ಗುಡಿಸುತ್ತೀಯಾ?”

ಕೆಂಚವ್ವನಿಗೆ ನಾಚಿಕೆಯಾಯಿತು. ಆದರೆ ನಾಚಿಕೊಂಡು ಕೂರಲು ಪುರುಸೊತ್ತೆಲ್ಲಿ? ಹಲ್ಲಿನಿಂದಲೇ ಕಚ್ಚಿ ಹೊಲಿಗೆ ಬಿಚ್ಚಿದಳು. ಹುಡಿ ಎಳೆಎಳೆಯಲ್ಲೂ ಜಾರಿ, ದಶಿಯ ತುದಿಗೆ ಬಂದು, ಹಸಿರಾಗಿ ಬೆಳಗಿ ಆರಿತು. ಅಷ್ಟರಲ್ಲಿ ಸೂರ್ಯನಿಗೂ ಕೈ ಸೋತಿತ್ತು. ಕಂಬಳಿ ಮೆಲ್ಲಗೆ ಶಾಂತವಾಯಿತು, ಗೊರಗೊರ ಸಣ್ಣಗಾಯಿತು.

ಆ ಸದ್ದಿನ ನಡುವಿನಿಂದ ಒಂದು ದನಿ ಇಳಿದುಬಂತು. “ಅವ್ವಾ, ಕೇಳಿಸ್ತಾ? ಹೆಣ್ಣು ಕೂಸು. ಇಬ್ಬರೂ ಚೆನ್ನಾಗಿದ್ದೀವಿ.”

ಹಿಂದೆಯೇ ಕೂಸಿನ ಅಳು. ಕೆಂಚವ್ವ ಗಾಳಿಯ ಹೆಗಲ ಮೇಲೇ ಕುಳಿತು ಅತ್ತಳು, ನಕ್ಕಳು.

ಅದಕ್ಕೇ ಮಗಾ, ಇಂದಿಗೂ ಸೂರ್ಯ ಸಿಟ್ಟಾದಾಗ ಭೂಮಿಯ ಎರಡು ತುದಿಯಲ್ಲಿ ಆಕಾಶ ಹಸಿರಾಗಿ ಬೆಳಗುತ್ತದೆ, ನಮ್ಮ ರೇಡಿಯೊ ದೂರದ ಊರಿನ ದನಿ ಬಿಟ್ಟು ಗೊರಗೊರ ಎನ್ನುತ್ತದೆ. ನೀನು ಅದರ ತಲೆಗೆ ಕುಟ್ಟಬೇಡ, ಹುಡಿ ಜಾರುವವರೆಗೆ ಸುಮ್ಮನೆ ಕೂತಿರು, ದನಿ ತಾನಾಗಿ ಬರುತ್ತದೆ.