ತುಕ್ಕಿನ ಸಾಕ್ಷಿ

"ಕೇಳಿರಪ್ಪೋ ಕೇಳಿ! ಬರ್ಮಾ ಯುದ್ಧದಲ್ಲಿ ಮಡಿದ ನಮ್ಮ ಯುವರಾಜರು ಜಪಾನಿ ಅಧಿಕಾರಿಯಿಂದ ಗೆದ್ದ ಕತ್ತಿ ತಂದವರಿಗೆ ಒಂದು ಊರು ಉಂಬಳಿ! ದೊರೆಮಗಳ ಮೂರು ಒಗಟು ಬಿಡಿಸಬೇಕು. ಸುಳ್ಳು ಕತ್ತಿ ತಂದರೆ ತಲೆದಂಡ!"

ಕೆಂಜಗಡದಲ್ಲಿ ಈ ಡಂಗುರ ಕೇಳಿದ ಕೂಡಲೇ ಸಿದ್ಧವ್ವನ ಗಂಡ ಮಾರನಾಯಕ ಕತ್ತಿ ಎತ್ತಿಕೊಂಡು ಅರಮನೆಗೆ ಓಡಿದ. ಅವನು ಯುದ್ಧದಲ್ಲಿ ಯುವರಾಜರ ಹೇಸರಗತ್ತೆ ಹೊಡೆಯುತ್ತಿದ್ದವನು. ಸಾಯುವಾಗ ಅವರೇ ಅದನ್ನು ಕೈಗಿತ್ತಿದ್ದರು. ಅಲ್ಲಿ ಹಿಡಿ ಕಳಚಿ ನೋಡಿದರು. ಒಳಗೆ ಅಡಗಿರುವ ಅಲಗಿನ ಬಾಲ ಹೊಸ ತಟ್ಟೆಯಂತೆ ಥಳಥಳಿಸುತ್ತಿತ್ತು. "ನಿನ್ನೆ ಮೊನ್ನೆ ಬಡಿದ ಕತ್ತಿ" ಎಂದು ಅವನನ್ನು ಸೆರೆಗೆ ತಳ್ಳಿದರು.

ಸಿದ್ಧವ್ವ ಎದೆ ಬಡಿದುಕೊಂಡಳು. ಆಯುಧಪೂಜೆಗೆ ಕೊಡಲಿ, ಕುಡುಗೋಲಿನ ಜೊತೆ ಆ ಕತ್ತಿಯನ್ನೂ ಬಿಚ್ಚಿ, ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿದವಳು ಅವಳೇ.

ಗಂಡನ ತಲೆ ಹೋಗುವ ದಿನ ದೊರೆಮಗಳ ಸಭೆಗೆ ನುಗ್ಗಿದಳು. "ಅವನ ಒಗಟು ನಾನು ಬಿಡಿಸ್ತೀನಿ, ಅಮ್ಮಣ್ಣಿ. ತಪ್ಪಿದರೆ ಇಬ್ಬರ ತಲೆಯನ್ನೂ ತಗೊಳ್ಳಿ."

ಉಂಬಳಿಯ ಆಸೆಗೆ ತಾನೂ ಒಂದು ಕತ್ತಿ ತಂದು ನಿಂತಿದ್ದ ಗಿರಿಯರಸ ನಕ್ಕ. "ಪಾತ್ರೆ ತಿಕ್ಕೋಳು ಕತ್ತಿ ಪರೀಕ್ಷೆ ಮಾಡ್ತಾಳಂತೆ!"

ದೊರೆಮಗಳು ನಗಲಿಲ್ಲ. "ಸುತ್ತಿದ ಹುರಿಯುಂಟು, ಬಿಚ್ಚಲು ತುದಿಯಿಲ್ಲ. ಏನದು?"

"ಹಣೆಬರಹ!" ಎಂದ ಗಿರಿಯರಸ. ಕಾವಲಿನವರು ಅವನ ತೋಳು ಹಿಡಿದರು.

"ಇವರ ಕತ್ತಿಯ ಹಿಡಿಯೇ, ಅಮ್ಮಣ್ಣಿ," ಎಂದಳು ಸಿದ್ಧವ್ವ. "ಲೋಹ ಎರೆದು ಹುರಿಯಂತೆ ಬಣ್ಣ ಬಳಿದಿದ್ದಾರೆ. ನಮ್ಮದು ನಿಜವಾದ ಹುರಿ, ಉಗುರಿಂದ ಮೀಟಿದರೆ ಏಳ್ತದೆ."

"ಹೌದು. ಅದು ಹವಾಲ್ದಾರರ ಕತ್ತಿ, ಅಧಿಕಾರಿಯದಲ್ಲ. ನೀರಿಲ್ಲದೆ ಎದ್ದ ಅಲೆ, ತೊಳೆದರೂ ಅಳಿಯದು. ಅದೇನು?"

"ಮರಳುಗಾಡು!" ಎಂದು ಕೂಗಿದ ಇನ್ನೊಬ್ಬ ಕತ್ತಿಯವನು, ಗುತ್ತಿಗೆದಾರ ಸೋಮಯ್ಯ. ಅವನನ್ನೂ ಎಳೆದೊಯ್ದರು.

"ಅಲಗಿನ ಅಂಚಿನ ಬಿಳಿ ಅಲೆ. ಉಕ್ಕಿನೊಳಗೇ ಇರೋದು. ನಾನು ತಿಕ್ಕಿದಷ್ಟೂ ಎದ್ದು ಕಂಡಿತು. ಈ ಗುತ್ತಿಗೆದಾರರದು ಮೇಲೆ ಗೀಚಿದ್ದು."

"ಮೀಯಿಸಿದರೆ ಸಾಯುವ ಸಾಕ್ಷಿ ಯಾರು? ಹೆಸರು ಹೇಳಿದರೆ ಸಾಲದು, ತೋರಿಸಬೇಕು."

ಸಿದ್ಧವ್ವ ಗಂಡನ ಕತ್ತಿಯತ್ತ ಕೈ ತೋರಿದಳು. "ಬಾಲದ ಹಳೇ ತುಕ್ಕು. ಎಷ್ಟು ಕಾಲದ ಕತ್ತಿ ಅಂತ ಹೇಳೋದು ಅದೊಂದೇ. ಅದನ್ನ ಕೊಂದವಳು ನಾನೇ, ತಾಯಿ."

ತಲೆ ಕಡಿಯುವ ಆಳು ಅವಳ ರಟ್ಟೆ ಹಿಡಿದ. ಆಗ ಕಳಚಿಟ್ಟ ಹಿಡಿಯ ಮೇಲೆ ಅವಳ ಕಣ್ಣು ಬಿತ್ತು. ಸತ್ತುಹೋದ ಮಾವ ದಿನವೂ ತಲೆ ಒರಗಿಸುತ್ತಿದ್ದ ಗೋಡೆಯಲ್ಲಿ ಇನ್ನೂ ಉಳಿದಿರುವ ಎಣ್ಣೆಯ ಕರೆ ನೆನಪಾಯಿತು.

"ಹಿಡಿ ಸೀಳಿ! ಒಳಗಿನ ಮರ ನಾನು ತೊಳೆದಿಲ್ಲ!"

"ಅಣ್ಣನ ಕೈ ಮುಟ್ಟಿದ ಹಿಡಿಯೇ ಇರಬಹುದು ಅದು," ಎಂದಳು ದೊರೆಮಗಳು. "ಸೀಳಿದ ಮೇಲೆ ಒಳಗೇನೂ ಇಲ್ಲದಿದ್ದರೆ?"

"ನಾವಿಬ್ಬರೂ ಇರೋದಿಲ್ಲ, ಅಷ್ಟೇ."

ದೊರೆಮಗಳು ತಾನೇ ಉಳಿ ಇಟ್ಟು ಹೊಡೆದಳು. ಹಿಡಿ ಎರಡು ಹೋಳಾಯಿತು. ಬಿಳಿ ಮರದೊಳಗೆ ಕಪ್ಪುಗೆಂಪು ತುಕ್ಕಿನ ಕರೆ, ಬಾಲದ್ದೇ ಆಕಾರ. ಅಲಗನ್ನು ಅದರ ಮೇಲಿಟ್ಟರೆ ಹಿಡಿಯ ಮೊಳೆತೂತಿಗೆ ಬಾಲದ ತೂತು ಕೂಡಿತು.

"ಬರ್ಮಾದ ಮಳೆಗೆ ಹಿಡಿದ ತುಕ್ಕು," ಎಂದಳು ದೊರೆಮಗಳು. ಅಣ್ಣನ ಸಾವಿನ ಸುದ್ದಿ ಬಂದಾಗಲೂ ಅಳದವಳು ಆ ಕರೆಯ ಮೇಲೆ ಬೆರಳಿಟ್ಟು ಬಿಕ್ಕಿದಳು.

ಮಾರನಾಯಕನ ಬೇಡಿ ಕಳಚಿತು, ಊರು ಉಂಬಳಿಯಾಯಿತು. ಗಂಡನ ಕೈ ಹಿಡಿದು ಹೊರಟ ಸಿದ್ಧವ್ವ ಬಾಗಿಲಲ್ಲಿ ನಿಂತು ಅರಮನೆಯ ಆಳುಗಳತ್ತ ತಿರುಗಿದಳು.

"ಮತ್ತೆ ಆಯುಧಪೂಜೆ ಬರ್ತದೆ. ಆ ಮರಕ್ಕೆ ನೀರು ಮುಟ್ಟಿಸೀರಿ, ಜೋಕೆ!"